ಗುಡ್ಡದ ಮೇಲೊಂದು ಗೆರೆ

ಕಾಲೇಜಿನ ಅಧ್ಯಾಪಕನೊಬ್ಬನು ಸೈಕಲ್ಲಿನಿಂದ ಬಿದ್ದರೆ ಅದು ಊರಿಗೆಲ್ಲ ಒಂದು ಹಬ್ಬ. ಕಳೆದ ವಾರ ದೀಪಾವಳಿಯ ರಜೆ ಮುಗಿಸಿಕೊಂಡು, ಮೊಣಕೈಗೆ ಬಿಳಿಯ ಪಟ್ಟಿ ಸುತ್ತಿಕೊಂಡು, ಎಡಗಾಲನ್ನು ಕೊಂಚ ಎಳೆಯುತ್ತ ನಾನು ತರಗತಿಯನ್ನು ಪ್ರವೇಶಿಸಿದಾಗ, ವಿದ್ಯಾರ್ಥಿಗಳ ಮುಖದಲ್ಲಿ ಕನಿಕರಕ್ಕಿಂತ ಕುತೂಹಲವೇ ಹೆಚ್ಚಾಗಿ ಕಂಡಿತು. ಅಂದಿನ ಪಾಠವೂ ಅದಕ್ಕೆ ತಕ್ಕುದೇ ಆಗಿದ್ದಿತು: ರನ್ನನ ಗದಾಯುದ್ಧ, ದುರ್ಯೋಧನನ ತೊಡೆ ಮುರಿಯುವ ಸಂದರ್ಭ. ಹಿಂದಿನ ಬೆಂಚಿನಿಂದ ಮೆಲ್ಲನೆ ಒಂದು ಪ್ರಶ್ನೆ ತೇಲಿ ಬಂದಿತು: “ಸರ್, ತಮ್ಮ ಎದುರಾಳಿ ಯಾರು?”

ಎದುರಾಳಿಯ ಹೆಸರನ್ನು ನಾನು ಅಂದು ಹೇಳಲಿಲ್ಲ. ಆದರೆ ವಾರ ವಾರವೂ ಈ ಪುಟವನ್ನು ತೆರೆದು ನನ್ನ ಮಾತಿಗೆ ಕಿವಿಗೊಡುವ ಓದುಗರಲ್ಲಿ ಮುಚ್ಚುಮರೆಯೇಕೆ? ನನ್ನನ್ನು ಕೆಡವಿದ್ದು ಮೊಣಕಾಲುದ್ದದ ಒಂದು ಕೊರಕಲು. ಆ ಕೊರಕಲನ್ನು ತೋಡಿದವರಲ್ಲಿ ನಾನೂ ಒಬ್ಬ. ಈ ಎರಡನೆಯ ಸಂಗತಿಯನ್ನು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಅದಕ್ಕಾಗಿ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ನನ್ನೂರು ಡಂಬಳ. ಗದಗಿನಿಂದ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರ್. ಮುಂಡರಗಿ ತಾಲ್ಲೂಕಿಗೆ ಸೇರಿದ ಊರು. ಹಳೆಯ ಹೆಸರು ಧರ್ಮವೊಳಲು. ಇತಿಹಾಸದಲ್ಲಿ ಆಸಕ್ತಿಯುಳ್ಳವರು ಈ ಊರನ್ನು ಎರಡು ಕಾರಣಗಳಿಗಾಗಿ ಬಲ್ಲರು. ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನವೊಂದು ಇಲ್ಲಿ ಬೌದ್ಧ ವಿಹಾರವೂ ತಾರಾದೇವಿಯ ಗುಡಿಯೂ ಇದ್ದುದನ್ನು ಹೇಳುತ್ತದೆ, ಇದು ಒಂದು. ನಕ್ಷತ್ರದಂತೆ ಇಪ್ಪತ್ತನಾಲ್ಕು ಮೂಲೆಗಳನ್ನು ಚಾಚಿಕೊಂಡು ನಿಂತಿರುವ ದೊಡ್ಡಬಸಪ್ಪನ ದೇವಾಲಯ, ಇದು ಇನ್ನೊಂದು. ಆದರೆ ಊರಿನ ಹುಡುಗರಿಗೆ ಶಾಸನವೂ ಬೇಡ, ಮೂಲೆಗಳ ಲೆಕ್ಕವೂ ಬೇಡ. ಬೆಳಗಾಗೆದ್ದು ಹೊಸ್ತಿಲಲ್ಲಿ ನಿಂತರೆ ಪಡುವಣ ದಿಕ್ಕನ್ನೆಲ್ಲ ತುಂಬಿಕೊಂಡು ಕಾಣುವುದು ಕಪ್ಪತಗುಡ್ಡ. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಮೇಲೆಂದು ನಮ್ಮ ಕಡೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಉಳಿದ ಎಪ್ಪತ್ತನ್ನು ಅವರು ನೋಡಿದ್ದರೇ ಎಂದು ನಾವು ಯಾರೂ ಕೇಳಿದವರಲ್ಲ.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಎರಡು ಹರದಾರಿ ದೂರದ ಹಳ್ಳಿಯ ಶಾಲೆಗೆ ಅವರು ಇಪ್ಪತ್ತು ವರ್ಷಕಾಲ ಅಟ್ಲಾಸ್ ಸೈಕಲ್ಲಿನ ಮೇಲೆ ಹೋಗಿ ಬಂದರು. ಎರೆಯ ನೆಲದಲ್ಲಿ ಸೈಕಲ್ಲು ಹೊಡೆದವರಿಗೆ ಮಾತ್ರ ಆ ಪ್ರಯಾಣದ ಮರ್ಮ ತಿಳಿದೀತು. ಬೇಸಿಗೆಯಲ್ಲಿ ಬಿರಿದ ನೆಲ. ಮಳೆ ಬಿದ್ದರೆ ಅಂಟಿನಂಥ ಕೆಸರು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಆ ಕೆಸರು ಮೆತ್ತಿಕೊಂಡಿತೆಂದರೆ ಸೈಕಲ್ಲು ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ಆಗ ಧೋತರವನ್ನು ಮೇಲೆ ಕಟ್ಟಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುವುದೇ ಉಳಿದ ದಾರಿ. ವರ್ಷದಲ್ಲಿ ಎಂಟು ತಿಂಗಳು ಸೈಕಲ್ಲು ತಮ್ಮನ್ನು ಹೊತ್ತಿತೆಂದೂ, ನಾಲ್ಕು ತಿಂಗಳು ತಾವು ಅದನ್ನು ಹೊತ್ತು ಋಣ ತೀರಿಸಿದೆವೆಂದೂ ತಂದೆಯವರು ಇಂದಿಗೂ ಹೇಳುತ್ತಾರೆ. 1951ರಲ್ಲಿ ಸೋನಿಪತ್ತಿನಲ್ಲಿ ಹುಟ್ಟಿದ ಆ ಅಟ್ಲಾಸ್ ಕಂಪೆನಿಯು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ತನ್ನ ಕಡೆಯ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿತು. ಆ ಸುದ್ದಿಯನ್ನು ಓದಿದ ದಿನ ತಂದೆಯವರು ಪಡಸಾಲೆಯ ಗೂಟಕ್ಕೆ ಒರಗಿಸಿದ್ದ ತಮ್ಮ ಸೈಕಲ್ಲಿಗೆ ಎಣ್ಣೆ ಹಾಕಿ ಒರೆಸಿದರು.

ಇಂಥ ಮನೆಗೆ ಈ ವರ್ಷದ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು, ತನ್ನ ಹೊಸ ವಾಹನದೊಡನೆ ಇಳಿದನು. ಅದನ್ನು ಸೈಕಲ್ಲೆಂದು ಕರೆದರೆ ಅವನಿಗೆ ಸಿಟ್ಟು. ಅದು ‘ಮೌಂಟನ್ ಬೈಕ್’. ಹೆಬ್ಬಾವಿನಂಥ ದಪ್ಪ ಟಯರು, ಟಯರಿನ ಮೈತುಂಬ ಗಂಟುಗಳು. ಮುಂದಿನ ಕವಲಿನೊಳಗೆ ಸ್ಪ್ರಿಂಗು. ಗಾಲಿಯ ನಡುವಿನ ತಟ್ಟೆಯನ್ನು ಕಚ್ಚಿ ಹಿಡಿಯುವ ಬ್ರೇಕು. ಕ್ಯಾರಿಯರಿಲ್ಲ, ಸ್ಟ್ಯಾಂಡಿಲ್ಲ, ಗಂಟೆಯಿಲ್ಲ, ಮಡ್‌ಗಾರ್ಡೂ ಇಲ್ಲ. ಬೆಲೆಯನ್ನು ಕೇಳಿ ತಂದೆಯವರು ಒಂದು ಕ್ಷಣ ಸುಮ್ಮನಿದ್ದು, “ಇಷ್ಟು ರೊಕ್ಕಾ ಕೊಟ್ಟ ಮ್ಯಾಲೆ ಒಂದು ಗಂಟಿ ಹಚ್ಚಿ ಕೊಡಬಾರದಾಗಿತ್ತೇನು?” ಎಂದರು.

ಹಾಸ್ಯವಿರಲಿ. ಆ ಯಂತ್ರದ ಜಾಣ್ಮೆಯನ್ನು ಮೆಚ್ಚಲೇಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲಿನ ಹಲ್ಲುಗಾಲಿಗೆ 44 ಹಲ್ಲು, ಹಿಂಬದಿಯದಕ್ಕೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಗಾಲಿ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗುತ್ತದೆ. ಬಯಲಿನಲ್ಲಿ ಇದು ಲಾಭ. ಏರಿನಲ್ಲಿ ಇದೇ ಶಾಪ. ಅಳಿಯನ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ ಅತಿ ದೊಡ್ಡದಕ್ಕೆ 42. ಅದರ ಮೇಲೆ ಸರಪಳಿ ಕೂತಿತೆಂದರೆ ಪೆಡಲು ಒಂದು ಸುತ್ತಾದಾಗ ಗಾಲಿ ಮುಕ್ಕಾಲು ಸುತ್ತು ಮಾತ್ರ ಉರುಳುತ್ತದೆ. ವೇಗ ಹೋಯಿತು, ಆದರೆ ಭಾರವೂ ಇಳಿಯಿತು. ಹೀಗೆ ಮುದುಕನಂತೆ ಹೆಜ್ಜೆಯಿಡುತ್ತ ಸೈಕಲ್ಲು ಗೋಡೆಯಂಥ ಏರನ್ನೂ ಏರಬಲ್ಲದು. ಏರಿದ ಮೇಲೆ ಇಳಿಯುವ ಸುಖ; ಆ ಸುಖಕ್ಕಾಗಿಯೇ ಈ ಯಂತ್ರ ಹುಟ್ಟಿದ್ದು.

ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಡಗಣಕ್ಕೆ, ಟ್ಯಾಮಲ್ಪಾಯಸ್ ಎಂಬ ಗುಡ್ಡವಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ಗುಜರಿಯಿಂದ ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಕೊಂಡು ತಂದು ಗುಡ್ಡದ ಮಣ್ಣುದಾರಿಯಲ್ಲಿ ಇಳಿಯತೊಡಗಿದರು. 1976ರ ಅಕ್ಟೋಬರಿನಲ್ಲಿ ಅವರು ಏರ್ಪಡಿಸಿದ ಇಳಿಜಾರಿನ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಒಮ್ಮೆ ಇಳಿಯುವಷ್ಟರಲ್ಲಿ ಹಿಂದಿನ ಗಾಲಿಯ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತಂತೆ; ಮತ್ತೆ ಗ್ರೀಸು ತುಂಬದೆ ಎರಡನೆಯ ಸಲ ಇಳಿಯುವಂತಿಲ್ಲ. ಆ ಮರುತುಂಬುವಿಕೆಯೇ ಪಂದ್ಯದ ಹೆಸರಾಯಿತು. ಜೋ ಬ್ರೀಜ್, ಗ್ಯಾರಿ ಫಿಷರ್, ಟಾಮ್ ರಿಚೀ, ಚಾರ್ಲಿ ಕೆಲಿ ಮೊದಲಾದ ಆ ಗುಂಪಿನವರೇ ಮುಂದೆ ಗುಡ್ಡಕ್ಕೆಂದೇ ಸೈಕಲ್ಲುಗಳನ್ನು ಕಟ್ಟಿ ಮಾರಿದರು. ಇಪ್ಪತ್ತು ವರ್ಷಗಳೊಳಗೆ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ, ಆ ಗುಜರಿಯ ಆಟಕ್ಕೆ ಚಿನ್ನದ ಪದಕವಿಟ್ಟರು. ನಮ್ಮ ಗದಗವೂ ಹಿಂದೆ ಬಿದ್ದಿಲ್ಲ. ಸೈಕಲ್ ಪಟುಗಳಿಗೆ ಹೆಸರಾದ ಈ ಜಿಲ್ಲೆಯಲ್ಲಿಯೇ, 2022ರ ಫೆಬ್ರುವರಿಯಲ್ಲಿ, ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು.

ಇಷ್ಟನ್ನೆಲ್ಲ ಅಳಿಯನ ಬಾಯಿಂದ ಕೇಳಿದ ಮೇಲೆ ನನ್ನ ಮೈಯಲ್ಲಿಯೂ ಒಂದು ಹುರುಪು ಹತ್ತಿತು. ಮೂವತ್ತೈದು ದಾಟಿದ ಅಧ್ಯಾಪಕನಿಗೆ ಇಂಥ ಹುರುಪು ಅಪಾಯಕರ. ಗುಡ್ಡದ ಬುಡದಲ್ಲಿ, ಅಭಯಾರಣ್ಯದ ಎಲ್ಲೆಗಿಂತ ಈಚೆಗೆ, ನಮ್ಮ ಹೊಲಗಳ ಮೇಲ್ಬದಿಗೆ ಊರ ಗಾಯರಾಣವೊಂದು ಏರುತ್ತ ಹೋಗಿದೆ. ಕೆಂಪು ಗರಸಿನ ನೆಲ. ನಡುನಡುವೆ ಜಾಲಿ, ಕವಳೆ, ಸೀತಾಫಲದ ಗಿಡ. ಉಳಿದಂತೆ ಬಾದೆ ಹುಲ್ಲು. ಏಪ್ರಿಲ್ ತಿಂಗಳ ಒಂದು ವಾರ ಅಳಿಯ, ಅವನ ಮೂವರು ಗೆಳೆಯರು, ನಾನು ಸೇರಿ ಅಲ್ಲಿ ಸೈಕಲ್ಲಿಗೆ ಒಂದು ಇಳಿದಾರಿಯನ್ನು ಮಾಡಿದೆವು. ಗುದ್ದಲಿಯಿಂದ ಹುಲ್ಲನ್ನು ಕೆತ್ತಿದೆವು. ಅಡ್ಡ ಬಂದ ಕಲ್ಲುಗಳನ್ನು ಕಿತ್ತು ಬದಿಗೆ ಎಸೆದೆವು. ನಾಲ್ಕಾರು ಕವಳೆಯ ಕಂಟಿಗಳನ್ನು ಕಡಿದೆವು. ಮೇಲಿನ ಬಂಡೆಯಿಂದ ಕೆಳಗಿನ ಒಡ್ಡಿನವರೆಗೆ ದಾರಿ ಹಗ್ಗ ಹಿಡಿದಂತೆ ನೆಟ್ಟಗೆ ಇಳಿಯಿತು. ಕನ್ನಡದ ಅಧ್ಯಾಪಕನೊಬ್ಬನು ಜೊತೆಗಿದ್ದ ಮೇಲೆ ಹೆಸರಿಗೆ ಬರವೇ? ‘ಗಿರಿಸರಣಿ’ ಎಂದು ನಾಮಕರಣವನ್ನೂ ಮಾಡಿದೆನು. ಹದಿನೈದು ದಿನ ಹುಡುಗರು ಬೆಳಗೂ ಬೈಗೂ ಅದರ ಮೇಲಿಂದ ಜಾರಿದರು. ಬ್ರೇಕು ಹಿಡಿದಲ್ಲೆಲ್ಲ ಗರಸು ಕೆದರಿ ಹಾರುತ್ತಿತ್ತು. ನಾನೂ ಮೂರು ಸಲ ಇಳಿದೆನು. ಮೂರು ಸಲವೂ ಕಣ್ಣು ಮುಚ್ಚಿದ್ದೆನೆಂಬುದನ್ನು ಅಳಿಯನಿಗೆ ಹೇಳಿಲ್ಲ.

ಮೇ ತಿಂಗಳಲ್ಲಿ ನಾವೆಲ್ಲ ನಮ್ಮ ನಮ್ಮ ಊರುಗಳಿಗೆ ಚದರಿದೆವು. ಮುಂಗಾರು ಬಂದಿತು, ಹೋಯಿತು. ತಂದೆಯವರೊಡನೆ ಫೋನಿನಲ್ಲಿ ಮಾತನಾಡಿದಾಗ ಮಳೆಯ ವಿಷಯ ಬಂದಿತ್ತು. “ನಿನ್ನ ಗಿರಿಸರಣಿ ಚಲೋ ಹರದೈತಿ. ಹಬ್ಬಕ್ಕ ಬಂದಾಗ ನೋಡು” ಎಂದಷ್ಟೇ ಅವರು ಹೇಳಿದ್ದರು. ಆ ‘ಹರಿದೈತಿ’ ಎಂಬ ಮಾತನ್ನು ನಾನು ಹೊಗಳಿಕೆಯೆಂದು ಭಾವಿಸಿದೆನು.

ದೀಪಾವಳಿಯ ರಜೆಗೆ ಊರಿಗೆ ಹೋದ ಮರುದಿನವೇ, ಮನೆಯವರೆಲ್ಲ ಏಳುವ ಮುನ್ನ, ಅಳಿಯನ ಸೈಕಲ್ಲನ್ನು ತೆಗೆದುಕೊಂಡು ಹೊರಟೆನು. ಬಳಸುದಾರಿಯಿಂದ ತಳ್ಳಿಕೊಂಡು ಬಂಡೆಯ ಬಳಿ ಹೋಗಿ, ಕೆಳಗೆ ಮಂಜಿನಲ್ಲಿ ಮಸುಕಾಗಿ ಕಾಣುತ್ತಿದ್ದ ಊರನ್ನು ನೋಡಿ, ಧೈರ್ಯ ತಂದುಕೊಂಡು ಗಾಲಿಯನ್ನು ಇಳಿಜಾರಿಗೆ ಬಿಟ್ಟೆನು. ಮೊದಲ ಐವತ್ತು ಮಾರು ಸರಿಯಾಗಿಯೇ ಇದ್ದಿತು. ಆಮೇಲೆ ದಾರಿಯೇ ಇರಲಿಲ್ಲ. ದಾರಿಯಿದ್ದ ಜಾಗದಲ್ಲಿ ಕೆಂಪಾದ ಒಂದು ಕಂದಕವು ಬಾಯಿ ತೆರೆದುಕೊಂಡಿತ್ತು. ಸೈಕಲ್ಲು ಕಂದಕಕ್ಕೆ ಹೋಯಿತು. ನಾನು ಅದರಾಚೆಗೆ ಹೋದೆನು.

ಎಷ್ಟು ಹೊತ್ತು ಬಿದ್ದಿದ್ದೆನೋ ತಿಳಿಯದು. ಕೆಳಗಿನ ಹೊಲದಿಂದ ಯಾರೋ ಓಡಿ ಬಂದು ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು. ಒಡ್ಡಿನಾಚೆಯ ಹೊಲದ ಒಡೆಯರು, ತಂದೆಯವರಿಗೆ ಸಮವಯಸ್ಕರು, ಚಿಕ್ಕಂದಿನಿಂದ ನಾನು ಕಾಕಾ ಎಂದು ಕರೆದವರು. ತಮ್ಮ ಕುಡಿಯುವ ನೀರಿನಿಂದ ನನ್ನ ಮೊಣಕೈಯನ್ನು ತೊಳೆದರು; ತಲೆಗೆ ಸುತ್ತಿದ್ದ ಟವಲಿನ ಅಂಚನ್ನು ಹರಿದು ಕಟ್ಟಿದರು. ಎಲುಬು ಮುರಿದಿಲ್ಲವೆಂದು ಒತ್ತಿ ನೋಡಿ ತಿಳಿದುಕೊಂಡ ಮೇಲೆ, “ನಡಿ ತಮ್ಮಾ, ಕೆಳಗ ಕುಂಡ್ರೂಣು” ಎಂದು ಮೆಲ್ಲಗೆ ನಡೆಸಿಕೊಂಡು ಹೋದರು.

ಕೆಳಗೆ ಹೋದ ಮೇಲೆ ಕಂಡ ನೋಟವನ್ನು ನಾನು ಬೇಗ ಮರೆಯಲಾರೆ. ನಮ್ಮ ನೆಟ್ಟನೆಯ ಇಳಿದಾರಿ ಒಡ್ಡಿಗೆ ಬಂದು ಮುಟ್ಟಿದ ಜಾಗದಲ್ಲಿ ಒಡ್ಡು ಒಡೆದು ಎರಡು ಮಾರು ಅಗಲದ ಬಾಯಿ ಬಿದ್ದಿತ್ತು. ಅದರಾಚೆಗೆ, ಉಳ್ಳಾಗಡ್ಡಿ ಹಚ್ಚಿದ್ದ ಹೊಲದಲ್ಲಿ, ಸುಮಾರು ಹತ್ತು ಗುಂಟೆಯಷ್ಟು ನೆಲದ ಮೇಲೆ ಗರಸು ಬೀಸಣಿಗೆಯಂತೆ ಹರಡಿಕೊಂಡಿತ್ತು. ಕಾಕಾ ಅವರ ಹೆಂಡತಿ ಕುಕ್ಕರುಗಾಲಿನಲ್ಲಿ ಕುಳಿತು ಆ ಕಲ್ಲುಗಳನ್ನು ಒಂದೊಂದಾಗಿ ಬುಟ್ಟಿಗೆ ಆರಿಸಿ ಹಾಕುತ್ತಿದ್ದರು. ಸೆಪ್ಟೆಂಬರಿನ ಒಂದು ರಾತ್ರಿಯ ಮಳೆಗೆ ಆದುದಂತೆ. ಎರಡು ತಿಂಗಳಿಂದ ಬಿಡುವಾದಾಗಲೆಲ್ಲ ಹೀಗೆ ಆರಿಸುತ್ತಿದ್ದಾರೆ.

ಏನು ಹೇಳಬೇಕೆಂದು ತೋಚದೆ ನಾನು ಸುಮ್ಮನೆ ಕುಳಿತೆನು. ಕಾಕಾ ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ತಮ್ಮಾ, ನೀವು ಸೈಕಲ್ಲಿಗೆ ದಾರಿ ಮಾಡೇವಿ ಅಂತ ತಿಳಕೊಂಡ್ರಿ. ಅದು ನೀರಿಗೆ ದಾರಿ ಆತು. ಸೈಕಲ್ಲು ಸಂಜಿಕೆ ಮನಿಗೆ ಹೋಗತೈತಿ. ನೀರು ಹಂಗಲ್ಲ, ಒಮ್ಮೆ ದಾರಿ ತೋರಿಸಿದ್ರ ವರ್ಷಾ ಅದ ದಾರೀಲೆ ಬರತೈತಿ” ಎಂದರು.

ಹಾನಿಯ ಹಣವನ್ನು ಕೊಡುತ್ತೇನೆಂದೆನು. “ರೊಕ್ಕಾ ಕೊಟ್ರ ಗರಸು ಎದ್ದು ಹೋಗತೈತೇನು?” ಎಂದು ಅವರು ನಕ್ಕರು. ಕಡೆಗೆ ತಂದೆಯವರು ನಡುವೆ ಬಂದು, ಬೀಜದ ಮತ್ತು ಆಳಿನ ವೆಚ್ಚವನ್ನಾದರೂ ತೆಗೆದುಕೊಳ್ಳಬೇಕೆಂದು ಹಟ ಹಿಡಿದುದರಿಂದ ಬೀಜದ ಹಣವನ್ನು ಮಾತ್ರ ತೆಗೆದುಕೊಂಡರು. ಉಳಿದುದು ಕೈಯಿಂದಲೇ ತೀರಬೇಕಾದ ಋಣ.

ಮರುದಿನ ಅಳಿಯನೂ ಬಂದನು. ಕೊರಕಲನ್ನು ಕಂಡು ಅವನ ಮುಖ ಸಣ್ಣದಾಯಿತು. ಆದರೂ ತರುಣನಲ್ಲವೇ? ವಾದವನ್ನು ಬಿಡಲಿಲ್ಲ. “ಮಾಮಾ, ನಾವು ಒಂದು ಗೇಣಗಲದ ದಾರಿ ಮಾಡಿದ್ದಕ್ಕೆ ಇಷ್ಟು ಮಾತು. ಗುಡ್ಡದ ನೆತ್ತಿ ಮೇಲೆ ಫ್ಯಾನು ನಿಲ್ಲಸಾಕ ಲಾರಿ ಹೋಗುವಷ್ಟು ಅಗಲ ರಸ್ತೆ ಕಡಿದಾರ. ಅದನ್ನ ಯಾರು ಕೇಳ್ಯಾರ?” ಎಂದನು. ನಮ್ಮ ಕಡೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರಗಳಿಗೆ ಜನ ಕೊಟ್ಟ ಹೆಸರು ಫ್ಯಾನು. ಹುಡುಗನ ಮಾತಿನಲ್ಲಿ ಸತ್ಯವಿದೆ. ಕಪ್ಪತಗುಡ್ಡದ ಮೈಮೇಲಿನ ಗಾಯಗಳಲ್ಲಿ ನಮ್ಮದು ಅತಿ ಚಿಕ್ಕದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರ ಕಂಪೆನಿಗಳು ಚಿನ್ನಕ್ಕಾಗಿ ಈ ಗುಡ್ಡಗಳ ಹೊಟ್ಟೆಯನ್ನು ತೋಡಿದವು. ಕಬ್ಬಿಣದ ಅದಿರಿನ ಮೇಲೆ ಕಣ್ಣಿಟ್ಟವರು ಇಂದಿಗೂ ಇದ್ದಾರೆ.

ಆದರೆ ಗುಡ್ಡವನ್ನು ಉಳಿಸಿಕೊಂಡ ಕಥೆಯೂ ಇದೆ. ಅದು ಅಳಿಯನ ಪೀಳಿಗೆಯವರ ಕಣ್ಣೆದುರಿಗೇ ನಡೆದದ್ದು. 2011ರಲ್ಲಿ ಹಳ್ಳಿಗುಡಿಯ ಬಳಿ ಬರಲಿದ್ದ ಪೋಸ್ಕೊ ಉಕ್ಕಿನ ಕಾರ್ಖಾನೆಯು ಜನರ ವಿರೋಧದಿಂದ ಹಿಂದೆ ಸರಿಯಿತು. 2015ರ ಡಿಸೆಂಬರಿನಲ್ಲಿ ಸರ್ಕಾರವು ಕಪ್ಪತಗುಡ್ಡದ ಸುಮಾರು 17,872 ಹೆಕ್ಟೇರುಗಳನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ಒಂದು ವರ್ಷ ತುಂಬುವ ಮುನ್ನ, 2016ರ ನವೆಂಬರಿನಲ್ಲಿ, ಆ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಮೂರು ದಿನ ಹಗಲಿರುಳೆನ್ನದೆ ಜನ ಧರಣಿ ಕುಳಿತರು. ಮುಂದಾಳುಗಳಾಗಿ ನಿಂತವರು ನಮ್ಮ ಡಂಬಳ-ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮತ್ತು ಎಸ್. ಆರ್. ಹಿರೇಮಠರು. ಅದೇ ವರ್ಷದ ಏಪ್ರಿಲಿನಲ್ಲಿ ಸಂರಕ್ಷಣೆಯ ಸ್ಥಾನ ಮರಳಿ ಬಂದಿತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರಿನಷ್ಟು ಗುಡ್ಡ ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ. 2018ರ ಅಕ್ಟೋಬರಿನಲ್ಲಿಯೇ ಅವರು ಲಿಂಗೈಕ್ಯರಾಗಿದ್ದರು. ಆ ಧರಣಿಯ ಚಪ್ಪರದಲ್ಲಿ ನಾನೂ ಒಂದು ರಾತ್ರಿ ಕುಳಿತಿದ್ದೆನು. ಗುಡ್ಡವನ್ನು ಕುರಿತು ಭಾಷಣವನ್ನೂ ಮಾಡಿದ್ದೆನು. ಗುದ್ದಲಿ ಹಿಡಿದು ಹುಲ್ಲನ್ನು ಕೆತ್ತುವಾಗ ಆ ಭಾಷಣದ ಒಂದು ಮಾತೂ ನನ್ನ ನೆನಪಿಗೆ ಬರಲಿಲ್ಲವೆಂಬುದೇ ನನ್ನನ್ನು ಕಾಡುತ್ತಿರುವ ಸಂಗತಿ.

ಧಾಮವೆಂದ ಮೇಲೆ ಕಾಯ್ದೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27 ಮತ್ತು 28ನೆಯ ವಿಧಿಗಳ ಪ್ರಕಾರ, ಒಳಗೆ ವಾಸವಾಗಿರುವವರು, ಅಲ್ಲಿ ಆಸ್ತಿಯ ಹಕ್ಕುಳ್ಳವರು, ಕೆಲಸದ ಮೇಲಿರುವ ಸರಕಾರಿ ನೌಕರರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮೊದಲಾದವರನ್ನು ಬಿಟ್ಟರೆ ಉಳಿದವರಿಗೆ ಅನುಮತಿ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ನಿಯಮ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ ಎಂಬ ನಮ್ಮ ನಾಡಿನ ಐದು ಉದ್ಯಾನಗಳಲ್ಲಿ ಎಲ್ಲಿಯೇ ಆಗಲಿ, ಮನಸ್ಸು ಬಂದ ಕಡೆಗೆ ಸೈಕಲ್ಲನ್ನು ತಿರುಗಿಸುವಂತಿಲ್ಲ. ಮೌಂಟನ್ ಬೈಕಿನ ತವರಾದ ಅಮೆರಿಕದಲ್ಲಿಯೂ ಇದೇ ಜಗಳ. ಆ ಟ್ಯಾಮಲ್ಪಾಯಸ್ ಗುಡ್ಡದಲ್ಲಿಯೇ ನಡೆದು ಹೋಗುವವರಿಗೂ ಸೈಕಲ್ಲಿನವರಿಗೂ ಮನಸ್ತಾಪ ಬೆಳೆಯಿತು. 1984ರಲ್ಲಿ ಅಲ್ಲಿಯ ಅರಣ್ಯ ಇಲಾಖೆಯು ತನ್ನ ಆಡಳಿತಕ್ಕೆ ಸೇರಿದ, ವನ್ಯಸ್ಥಿತಿಯಲ್ಲಿಯೇ ಉಳಿಯಬೇಕೆಂದು ಕಾಯ್ದಿಟ್ಟ ಪ್ರದೇಶಗಳಿಗೆ ಸೈಕಲ್ಲು ಬರಕೂಡದೆಂದು ಸ್ಪಷ್ಟವಾಗಿ ವಿಧಿಸಿತು.

“ಹಂಗಾದ್ರ ನಾವು ಗುಡ್ಡ ನೋಡೂದ ಬ್ಯಾಡೇನು, ಮಾಮಾ? ನೋಡದವರು ನಾಳೆ ಉಳಸೂದಕ್ಕ ಬರತಾರೇನು?” ಎಂದು ಅಳಿಯ ಕೇಳಿದನು. ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಫೋನಿನ ಗಾಜಿನ ಮೇಲೆ ಬೆರಳಾಡಿಸುತ್ತ ಕೂರುವ ಹುಡುಗನಿಗಿಂತ ಮೈ ಬೆವರಿಸಿ ಗುಡ್ಡ ಏರುವ ಹುಡುಗ ಮೇಲು. ತೋಳ, ಕತ್ತೆಕಿರುಬ, ನವಿಲುಗಳ ಗುಡ್ಡವನ್ನು ಅವನು ಕಣ್ಣಾರೆ ಕಾಣಬೇಕು. ಆದರೆ ಇದೇ ಪ್ರಶ್ನೆಗೆ ಇನ್ನೊಂದು ಮಗ್ಗಲಿದೆ. ಅದೇ ಗುಡ್ಡದಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಕುರಿ ಮೇಯಿಸಿದವನಿಗೆ, ಹುಲ್ಲಿನ ಹೊರೆ ತಂದ ಹೆಣ್ಣುಮಗಳಿಗೆ ಇಂದು ಎಲ್ಲೆ ಬಿದ್ದಿದೆ. ಹೊಟ್ಟೆಯ ಪಾಡಿಗೆ ಹೋಗುವವರನ್ನು ತಡೆದ ದಾರಿಯಲ್ಲಿ ಆಟಕ್ಕೆ ಹೋಗುವವರನ್ನು ಬಿಡಿರೆಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಫ್ಯಾನಿನವರು ದೊಡ್ಡ ರಸ್ತೆ ಕಡಿದರೆಂಬುದು ನಾವು ಚಿಕ್ಕ ರಸ್ತೆ ಕಡಿಯಲು ಅಪ್ಪಣೆಯಾಗದು. ನೆರೆಮನೆಗೆ ಬೆಂಕಿ ಬಿದ್ದಿದೆಯೆಂದು ನಮ್ಮ ಕಣದ ಬಣವೆಗೆ ಕಡ್ಡಿ ಗೀರುವವರುಂಟೇ? ಅಳಿಯನು ಇದಕ್ಕೆ ಉತ್ತರ ಕೊಡಲಿಲ್ಲ. ಹೊಲಕ್ಕೆ ಹೋಗಿ ಆ ತಾಯಿಯ ಪಕ್ಕದಲ್ಲಿ ಕುಳಿತು ಕಲ್ಲು ಆರಿಸತೊಡಗಿದನು.

ರಜೆಯ ಉಳಿದ ದಿನಗಳೆಲ್ಲ ಕೊರಕಲನ್ನು ಕಟ್ಟುವುದರಲ್ಲಿ ಕಳೆದವು. ಕಾಕಾ ಅವರು ಗುರುಗಳು, ತಂದೆಯವರು ಉಪಗುರುಗಳು, ಎಂ. ಎ. ಪದವೀಧರನೂ ಭಾವೀ ಇಂಜಿನಿಯರನೂ ಕೂಲಿಗಳು. ನಾವು ಬದಿಗೆ ಎಸೆದಿದ್ದ ಕಲ್ಲುಗಳನ್ನೇ ಹೊತ್ತು ತಂದು, ಕೊರಕಲಿಗೆ ಅಡ್ಡಲಾಗಿ, ಐದಾರು ಮಾರಿಗೊಂದರಂತೆ ಕಲ್ಲಿನ ತಡೆಗಳನ್ನು ಕಟ್ಟಿದೆವು. ತಡೆಯ ನಡುಭಾಗ ತುಸು ತಗ್ಗಾಗಿರಬೇಕು. ಇಲ್ಲವಾದರೆ ನೀರು ಬದಿಯನ್ನು ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ. ಮೊದಲ ದಿನ ನಾನು ಕಟ್ಟಿದ ಎರಡು ತಡೆಗಳನ್ನು ಕಾಕಾ ಅವರು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ನಾನು ವಿದ್ಯಾರ್ಥಿಗಳ ಪ್ರಬಂಧಗಳನ್ನು ಮರಳಿ ಬರೆಸುವಾಗ ಅವರಿಗೆ ಏನೆನ್ನಿಸುವುದೆಂದು ಆಗ ತಿಳಿಯಿತು.

ಗೌಂಡಿಗಳು ನೆಲದ ಸಮ ಹಿಡಿಯಲು ಬಳಸುವ ನೀರು ತುಂಬಿದ ಕೊಳವೆಯೊಂದನ್ನು ತಂದೆಯವರು ತಂದರು. ಅದರ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಜಾಗಗಳಿಗೆ ಗೂಟ ಹೊಡೆಯುತ್ತ ಹೋದರೆ ಗುಡ್ಡದ ಮೈಮೇಲೆ ಒಂದು ಸಮಪಾತಳಿಯ ಗೆರೆ ಮೂಡುತ್ತದೆ. ಅದು ನೆಟ್ಟಗಿರುವುದಿಲ್ಲ, ಗುಡ್ಡ ಉಬ್ಬಿದಲ್ಲಿ ಹೊರಗೆ, ತಗ್ಗಿದಲ್ಲಿ ಒಳಗೆ ಬಳಸಿಕೊಂಡು ಹೋಗುತ್ತದೆ. ನಮ್ಮ ರೈತರು ಒಡ್ಡು ಹಾಕುವುದು ಇಂಥ ಗೆರೆಯ ಮೇಲೆ. ಆ ರಾತ್ರಿ ಅಳಿಯನು ಮೌಂಟನ್ ಬೈಕಿನ ದಾರಿಗಳನ್ನು ಕಟ್ಟುವ ನಿಯಮಗಳನ್ನು ಓದಿ ನನಗೆ ವಿವರಿಸಿದನು. ದಾರಿ ಸಮಪಾತಳಿಯ ಗೆರೆಯನ್ನು ಹಿಡಿದು ಬಳಸುತ್ತ ಇಳಿಯಬೇಕು. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧವನ್ನು ದಾರಿಯ ಇಳಿಜಾರು ಮೀರಬಾರದು. ಗುಡ್ಡ ನೂರು ಅಡಿಗೆ ಇಪ್ಪತ್ತು ಅಡಿ ಇಳಿದರೆ ದಾರಿ ಹತ್ತಕ್ಕಿಂತ ಹೆಚ್ಚು ಇಳಿಯಕೂಡದು. ದಾರಿಯ ಹೊರ ಅಂಚು ತುಸು ಬಾಗಿರಬೇಕು, ನಡುನಡುವೆ ದಾರಿ ಒಮ್ಮೆ ಏರಿ ಮತ್ತೆ ಇಳಿಯಬೇಕು. ಹಾಗಿದ್ದರೆ ನೀರು ದಾರಿಯನ್ನು ಹಿಡಿದು ಓಡದೆ ಅಡ್ಡ ಹಾಯ್ದು ಹುಲ್ಲಿಗೆ ಹೋಗುತ್ತದೆ. ಕೇಳುತ್ತ ಕುಳಿತ ತಂದೆಯವರು, “ಇದನ್ನ ತಿಳಕೊಳ್ಳಾಕ ಅಮೆರಿಕಾಕ್ಕ ಹೋಗಬೇಕಾಗಿತ್ತೇನು? ಬಾಜೂ ಹೊಲದಾಗ ಕೇಳಿದ್ರ ಹೇಳತಿದ್ದ” ಎಂದರು.

ನಮ್ಮ ತಪ್ಪು ಎಲ್ಲಿತ್ತೆಂಬುದು ಈಗ ಸ್ಪಷ್ಟವಾಯಿತು. ಕಾಲುನಡಿಗೆಯವನ ಹೆಜ್ಜೆ ಬಿಟ್ಟು ಬಿಟ್ಟು ಬೀಳುತ್ತದೆ. ಗಾಲಿ ಬಿಡದೆ ಗೀಚುತ್ತದೆ. ನೆಟ್ಟನೆ ಇಳಿಯುವ ಬಿಡದ ಗೀರು ಎಂದರೆ ಕಾಲುವೆಯೇ. ಗಾಲಿ ಒತ್ತಿದ ಮಣ್ಣು ಗಟ್ಟಿಯಾಗಿ ನೀರನ್ನು ಹೀರಲಾರದು. ಬ್ರೇಕು ಕೆದರಿದ ಗರಸು ಮೊದಲ ಮಳೆಗೇ ಹೊರಟುಹೋಗುತ್ತದೆ. ಬೇರಿನಿಂದ ಮಣ್ಣನ್ನು ಹಿಡಿದಿಡುವ ಹುಲ್ಲನ್ನು ನಾವೇ ಕೆತ್ತಿದ್ದೆವು. ವರ್ಷಕ್ಕೆ ಸುಮಾರು 600 ಮಿಲ್ಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಅದು ಹದವಾಗಿ ಬಂದರೆ ಭಾಗ್ಯ. ಒಂದೇ ರಾತ್ರಿಗೆ ಬಂದರೆ ನಮ್ಮ ಗಿರಿಸರಣಿಯಂಥ ದಾರಿಗಳನ್ನೇ ಅದು ಹುಡುಕುತ್ತದೆ.

ಹಾಗಾದರೆ ಸೈಕಲ್ಲು ಎಲ್ಲಿ ಹೋಗಬೇಕು? ಹೋಗಲು ದಾರಿಗಳೇನೂ ಕಡಿಮೆಯಿಲ್ಲ. ಗುಡ್ಡದ ಬುಡದ ಊರುಗಳನ್ನು ಕೂಡಿಸುವ ಸಾರ್ವಜನಿಕ ರಸ್ತೆಗಳಿವೆ. ಹೊಲಗಳ ನಡುವಿನ ಚಕ್ಕಡಿಯ ದಾರಿಗಳಿವೆ. ಅಳಿಯನ ಸೈಕಲ್ಲಿಗೆ ಬೇಕಾದ ಏರು ತಗ್ಗು, ಕಲ್ಲು ಗುಂಡಿ ಎಲ್ಲವೂ ಅಲ್ಲಿ ಧಾರಾಳವಾಗಿವೆ. ಈ ವಿಷಯದಲ್ಲಿ ನಮ್ಮ ರಸ್ತೆಗಳು ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಧಾಮದೊಳಕ್ಕೆ ಹೋಗಬೇಕೆನ್ನುವವರು ಅರಣ್ಯ ಇಲಾಖೆಯನ್ನು ಕೇಳಿ, ಬಿಟ್ಟ ದಾರಿಯಲ್ಲಿ ಹೋಗಲಿ. ನೆಲ ಹಸಿಯಾಗಿರುವಾಗ ಹೋಗದಿರಲಿ. ಬಾದೆ ಹುಲ್ಲು ಒಣಗಿ ನಿಂತ ಬೇಸಿಗೆಯಲ್ಲಿ ಬೆಂಕಿಯ ಕಿಡಿಯನ್ನೂ ಒಯ್ಯದಿರಲಿ. ಹೊಸ ದಾರಿಯನ್ನೇ ಮಾಡಬೇಕಾದಾಗ, ಆ ದಾರಿಯ ಕೆಳಗೆ ಯಾರ ಹೊಲವಿದೆಯೆಂದು ಮೊದಲು ಕೇಳಲಿ. ಈ ಕಡೆಯ ಮಾತು ಸೈಕಲ್ಲಿಗೆ ಮಾತ್ರ ಅನ್ವಯಿಸುವುದಲ್ಲವೆಂದು ನನಗೆ ತೋರುತ್ತದೆ.

ರಜೆ ಮುಗಿದು ಹೊರಡುವ ದಿನ ಕಾಕಾ ಅವರು ಒಂದು ಚೀಲ ಉಳ್ಳಾಗಡ್ಡಿಯನ್ನು ಮನೆಗೆ ತಂದುಕೊಟ್ಟರು. ಗರಸಿನ ಕೆಳಗೆ ಸಿಕ್ಕಿಯೂ ಬದುಕಿದ ಗಡ್ಡೆಗಳು. ಗಾತ್ರದಲ್ಲಿ ಚಿಕ್ಕವು, ಪೇಟೆಯಲ್ಲಿ ಯಾರೂ ಕೊಳ್ಳರು. ನನ್ನ ಹೆಂಡತಿ ಈಗ ದಿನವೂ ಅವನ್ನೇ ಅಡುಗೆಗೆ ಬಳಸುತ್ತಿದ್ದಾಳೆ. ಹೆಚ್ಚುವಾಗ ಅವಳ ಕಣ್ಣಲ್ಲಿ ನೀರು ಬರುತ್ತದೆ. ಉಣ್ಣುವಾಗ ನನ್ನ ಕಣ್ಣಲ್ಲಿ.

ಕೊರಕಲಿನ ತಡೆಗಳ ನಡುವೆ ಹುಲ್ಲಿನ ಬೇರುಗಳನ್ನು ಊರಿ ಬಂದಿದ್ದೇವೆ. ಹಿಂಗಾರಿನ ಹನಿಗೆ ಅವು ಹಿಡಿಯುವುದು ಅನುಮಾನ. ಬರುವ ಮುಂಗಾರಿಗೆ ಚಿಗುರಬಹುದೆಂದು ಕಾಕಾ ಅವರ ಅಂದಾಜು. ಅಲ್ಲಿಯವರೆಗೆ ಗಿರಿಸರಣಿಗೆ ಮುಳ್ಳುಕಂಟಿಯ ಬೇಲಿ. ಅಳಿಯನು ಪ್ರತಿ ತಿಂಗಳೂ ಹುಬ್ಬಳ್ಳಿಯಿಂದ ಬಂದು ನೋಡುತ್ತೇನೆಂದು ಮಾತು ಕೊಟ್ಟಿದ್ದಾನೆ; ಸೈಕಲ್ಲನ್ನು ಒಡ್ಡಿನ ಕೆಳಗೆ ನಿಲ್ಲಿಸಿ ನಡೆದುಕೊಂಡೇ ಮೇಲೆ ಹೋಗುತ್ತಾನಂತೆ. ತಂದೆಯವರು ಅದಕ್ಕೊಂದು ಗಂಟೆಯನ್ನು ಕೊಂಡು ಹಚ್ಚಿದ್ದಾರೆ.

ಹುಲ್ಲು ಬಂದರೆ ಈ ಪುಟದಲ್ಲಿ ಓದುಗರಿಗೆ ತಿಳಿಸುತ್ತೇನೆ. ಬಾರದಿದ್ದರೂ ತಿಳಿಸಬೇಕಾದವನು ನಾನೇ.